ನಿನ್ನ ಮೇನ್ ಯಾರು, ಅಜ್ಜಾ?

“ಅಜ್ಜಾ, ನಿನ್ನ ಮೇನ್ ಯಾರು?”

ಪುಣೆಯ ವಾಕಡ್‌ನಲ್ಲಿರುವ ಮಗನ ಮನೆಯ ಸೋಫಾದ ಮೇಲೆ ಕೂತು ಕನ್ನಡಕ ಒರೆಸಿಕೊಳ್ಳುತ್ತಿದ್ದ ನನ್ನನ್ನು ಹದಿಮೂರು ವರ್ಷದ ಮೊಮ್ಮಗ ಹೀಗೆ ಕೇಳಿದಾಗ ನನಗೆ ತಲೆಬುಡ ಅರ್ಥವಾಗಲಿಲ್ಲ. ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಕಳೆದವನಿಗೆ ಮೇನ್ ಅಂದರೆ ಮೇನ್ ಬ್ರಾಂಚು. ನಮ್ಮ ಧಾರವಾಡದ ಮನೆಯಲ್ಲಾದರೆ ಮೇನ್ ಅಂದರೆ ಮೇನ್ ಸ್ವಿಚ್ಚು. ಗುಡುಗು ಸಿಡಿಲು ಶುರುವಾದರೆ ಮೊದಲು ಆರಿಸಬೇಕಾದದ್ದು. ಇವನ ಮೇನ್ ಇವೆರಡೂ ಆಗಿರಲಿಲ್ಲ.

ಅವನು ಆಡುತ್ತಿದ್ದದ್ದು ಸ್ಟ್ರೀಟ್ ಫೈಟರ್ 6. ಜಪಾನಿನ ಕ್ಯಾಪ್‌ಕಾಮ್ ಕಂಪನಿಯ ಆಟ, 2023ರ ಜೂನ್‌ನಲ್ಲಿ ಬಂದದ್ದು. ಟಿವಿ ಪರದೆಯ ಮೇಲೆ ಇಬ್ಬರು ಎದುರುಬದುರು ನಿಂತು ಹೊಡೆದಾಡುತ್ತಾರೆ. ಮೂರರಲ್ಲಿ ಎರಡು ಸುತ್ತು ಗೆದ್ದವನು ಗೆದ್ದ. ಆಟ ಬಂದಾಗ ಅದರಲ್ಲಿ 18 ಜನ ಹೋರಾಟಗಾರರಿದ್ದರು. ಆಮೇಲೆ ವರ್ಷಕ್ಕೆ ನಾಲ್ವರಂತೆ ಸೇರುತ್ತ ಬಂದಿದ್ದಾರೆ. ಒಬ್ಬೊಬ್ಬರ ಕೈಕಾಲು, ಪಟ್ಟು, ವೇಗ ಒಂದೊಂದು ನಮೂನೆ. ಎಲ್ಲರನ್ನೂ ಒಬ್ಬನೇ ಕಲಿತು ಮುಗಿಸುವುದು ಆಗದ ಮಾತು. ಅದಕ್ಕೇ ಮನಸ್ಸಿಟ್ಟು ಆಡುವವರು ಒಬ್ಬ ಹೋರಾಟಗಾರನನ್ನು ಆರಿಸಿಕೊಂಡು ತಿಂಗಳುಗಟ್ಟಲೆ, ವರ್ಷಗಟ್ಟಲೆ ಅವನನ್ನೇ ಆಡುತ್ತಾರೆ. ಆ ಒಬ್ಬನಿಗೆ ಮೇನ್ ಅನ್ನುತ್ತಾರೆ.

ಪ್ರಶ್ನೆ ಕ್ಷುಲ್ಲಕ ಅಂತ ನಿಮಗೆ ಅನ್ನಿಸಬಹುದು. ನನಗೆ ಹಾಗನ್ನಿಸಲಿಲ್ಲ. 2022ರಲ್ಲಿ ಹೆಂಡತಿ ತೀರಿಕೊಂಡ ಮೇಲೆ ಧಾರವಾಡದ ಮನೆಗೆ ಬೀಗ ಹಾಕಿ ಮಗನ ಹತ್ತಿರ ಬಂದವನು ನಾನು. ಸೊಸೆ ಮರಾಠಿಯವಳು. ಮೊಮ್ಮಗನಿಗೆ ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು, ಕೆಳಗೆ ಕ್ರಿಕೆಟ್ ಆಡುವಾಗ ಹಿಂದಿ. ಕನ್ನಡ ಅನ್ನುವುದು ಅಜ್ಜನ ಜೊತೆ ಆಡುವ ಹತ್ತು ಹನ್ನೆರಡು ವಾಕ್ಯಗಳಷ್ಟೇ. “ಊಟ ಆತು ಅಜ್ಜಾ”, “ಹೋಗಿ ಬರ್ತೀನಿ ಅಜ್ಜಾ” ಮುಗಿದರೆ ನಮ್ಮ ವ್ಯವಹಾರದ ವೇಳೆಯೂ ಮುಗಿಯಿತು. ಅಂಥವನು ತಾನಾಗಿ ಒಂದು ಪ್ರಶ್ನೆ ಕೇಳಿದ್ದಾನೆ. ಗೊತ್ತಿಲ್ಲ ಅಂದುಬಿಟ್ಟರೆ ಕೌಂಟರು ಮುಚ್ಚಿದ ಹಾಗೆ. “ತೋರಸು ನೋಡೋಣ” ಅಂದೆ.

ಹೋರಾಟಗಾರರೆಲ್ಲರ ಮುಖ ಇರುವ ಪರದೆ ಬಂತು. ಪೊರಕೆಯನ್ನು ತಲೆಕೆಳಗಾಗಿ ನಿಲ್ಲಿಸಿದಂಥ ಕೂದಲಿನ ಅಮೆರಿಕದ ಸೈನಿಕ, ಮೈಮೇಲೆ ಗಾಯದ ಕಲೆಗಳಿರುವ ರಷ್ಯಾದ ಪೈಲ್ವಾನ, ಚೀನಾದ ಹೆಣ್ಣುಮಗಳು, ಒಬ್ಬ ಜಪಾನಿ. ನಡುವೆ ಒಬ್ಬ ಗಡ್ಡದ ಮನುಷ್ಯ. ತಲೆಗೆ ರುಮಾಲು, ಕೊರಳಲ್ಲಿ ತಲೆಬುರುಡೆಗಳ ಮಾಲೆ. ಹೆಸರು ಧಾಲ್ಸಿಮ್. ಭಾರತದವನು. 1991ರ ಸ್ಟ್ರೀಟ್ ಫೈಟರ್ 2ರಲ್ಲಿ ಆಡಲು ಸಿಗುತ್ತಿದ್ದ ಎಂಟು ಜನರಲ್ಲಿ ಆಗಲೇ ಒಬ್ಬನಾಗಿದ್ದ. ಯೋಗಿಯಂತೆ, ತನ್ನ ಬಡ ಹಳ್ಳಿಗೆ ದುಡ್ಡು ಕೂಡಿಸಲು ಕುಸ್ತಿಗೆ ಇಳಿದವನಂತೆ. ಬಾಯಿಂದ ಬೆಂಕಿ ಉಗುಳುತ್ತಾನೆ, ಕೈಕಾಲು ರಬ್ಬರಿನ ಹಾಗೆ ಉದ್ದ ಆಗುತ್ತವೆ. ಯೋಗ ಮಾಡಿದರೆ ಇದೆಲ್ಲ ಆಗುತ್ತದೆ ಅಂತ ಜಪಾನಿನವರಿಗೆ ಯಾರು ಹೇಳಿದರೋ!

“ಇವ ನಮ್ಮವ. ಇವನೇ ನನ್ನ ಮೇನ್” ಅಂದೆ.

ಮೊಮ್ಮಗ ಬಿದ್ದು ಬಿದ್ದು ನಕ್ಕ. “ಅಜ್ಜಾ, ಅವ ಭಾಳ ಕಠಿಣ. ಹೊಸಬರು ಅವನ್ನ ತಗೊಳ್ಳೂದಿಲ್ಲ.”

ಅವನು ಹೇಳಿದ್ದು ಖರೆ. ಧಾಲ್ಸಿಮ್ ದೂರ ನಿಂತು ಆಡಬೇಕಾದವನು. ಎದುರಿನವ ಮೈಮೇಲೆ ಬಂದರೆ ಅವನ ಉದ್ದ ಕೈ ಅವನಿಗೇ ಭಾರ. ಕಲಿಯುವವರಿಗೆಂದು ಈ ಆಟದಲ್ಲಿ ‘ಮಾಡರ್ನ್’ ಎಂಬ ಸುಲಭದ ಬಗೆ ಇದೆ, ಒಂದೇ ಗುಂಡಿ ಒತ್ತಿದರೆ ದೊಡ್ಡ ಪಟ್ಟು ಬೀಳುತ್ತದೆ. ಅದನ್ನು ಹಚ್ಚಿಕೊಂಡೂ ನಾನು ಮೊದಲ ವಾರ ಒಂದು ಪಂದ್ಯ ಗೆಲ್ಲಲಿಲ್ಲ. ನಾನು ಅವನನ್ನು ಆರಿಸಿದ್ದು ಬಲ ನೋಡಿ ಅಲ್ಲ. 1993ರಲ್ಲಿ ವರ್ಗವಾಗಿ ಡೊಂಬಿವಲಿಗೆ ಬಂದಾಗ ಬಿಲ್ಡಿಂಗುಗಳ ಕೆಳಗೆ ನಿಂತು ನೇಮ್‌ಪ್ಲೇಟುಗಳಲ್ಲಿ ಕುಲಕರ್ಣಿ, ದೇಸಾಯಿ ಹುಡುಕುತ್ತಿದ್ದೆನಲ್ಲ, ಆ ಚಟದಿಂದ. ಆ ಹೆಸರುಗಳು ಮರಾಠಿಯವರಲ್ಲೂ ಇರುತ್ತವೆ, ಬಾಗಿಲು ಬಡಿದಾಗ ಅರ್ಧ ಸಲ ನಿರಾಶೆಯೇ. ಆದರೂ ಹುಡುಕುವುದು ಬಿಟ್ಟಿರಲಿಲ್ಲ.

ಆಡುತ್ತ ಆಡುತ್ತ ಗೊತ್ತಾದದ್ದೇನೆಂದರೆ, ನನ್ನನ್ನು ಕೇಳಿದವನಿಗೇ ಮೇನ್ ಇರಲಿಲ್ಲ! ಯಾವ ಹೋರಾಟಗಾರ ಎಷ್ಟು ಬಲಿಷ್ಠ ಅಂತ ಬಲ್ಲವರು ಮಾಡುವ ದರ್ಜೆಪಟ್ಟಿಗಳಿರುತ್ತವೆ, ಟಿಯರ್ ಲಿಸ್ಟ್ ಅಂತ. ಅದರ ತುದಿಯಲ್ಲಿ ಯಾರಿದ್ದಾರೋ ಅವರನ್ನು ಇವನು ಹಿಡಿಯುವನು. ಕೆನ್ ಆಯಿತು, ಜೆಪಿ ಆಯಿತು, ಲ್ಯೂಕ್ ಆಯಿತು. 2024ರಲ್ಲಿ ಅಕುಮಾ ಬಂದವನು ಇವನ ಕೈಗೂ ಬಂದು ಹೋಗಿದ್ದ. ಕಂಪನಿಯವರು ಆಗಾಗ ಹೋರಾಟಗಾರರ ಬಲಾಬಲ ತಿದ್ದುತ್ತಿರುತ್ತಾರೆ, ಪಟ್ಟಿ ಮೇಲೆಕೆಳಗಾಗುತ್ತದೆ, ಇವನೂ ಜಿಗಿಯುತ್ತಾನೆ. ಸೋತರೆ “ಇವನೇ ವೀಕ್ ಇದ್ದಾನ ಅಜ್ಜಾ” ಅನ್ನುವನು. ಈ ಆಟದಲ್ಲಿ ದರ್ಜೆ ಆಡುವವನಿಗಲ್ಲ, ಅವನು ಆಡುವ ಒಬ್ಬೊಬ್ಬ ಹೋರಾಟಗಾರನಿಗೆ ಬೇರೆ ಬೇರೆ. ರೂಕಿಯಿಂದ ಶುರುವಾಗಿ ಐರನ್, ಬ್ರಾಂಜ್, ಸಿಲ್ವರ್, ಗೋಲ್ಡ್, ಪ್ಲಾಟಿನಂ, ಡೈಮಂಡ್ ದಾಟಿ ಮಾಸ್ಟರ್. ಹೊಸಬನನ್ನು ಹಿಡಿದರೆ ಕೆಲವು ಪಂದ್ಯ ಆಡಿ ಹೊಸದಾಗಿ ದರ್ಜೆ ಪಡೆಯಬೇಕು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಕೇಡರ್ ಬದಲಿಸಿದರೆ ಸೀನಿಯಾರಿಟಿ ಹೋಯಿತು. ಹುಡುಗ ಆರೇಳು ಜನರನ್ನು ಹಿಡಿದಿದ್ದ. ಯಾರೂ ಸಿಲ್ವರ್ ದಾಟಿರಲಿಲ್ಲ.

ಇದನ್ನು ನೋಡುತ್ತ ನನಗೆ ನನ್ನದೇ ಸರ್ವಿಸ್ ರೆಕಾರ್ಡು ಓದಿದ ಹಾಗಾಯಿತು. ಡೊಂಬಿವಲಿಯಲ್ಲಿ ಮನೆ ಮಾಡಿದೆವು, ಮಗ ಶಾಲೆಗೆ ಸೇರಿದ. ವರ್ಷದೊಳಗೆ ನನಗೆ ಹೈದರಾಬಾದಿಗೆ ಆರ್ಡರು. ಮಗನ ಶಾಲೆ ಕೆಡಬಾರದು ಅಂತ ಅವರನ್ನು ಅಲ್ಲೇ ಬಿಟ್ಟು ಒಬ್ಬನೇ ಹೋದೆ. ಆಮೇಲೆ ಚೆನ್ನೈ, ನಾಗಪುರ, ಮತ್ತೆ ಹೈದರಾಬಾದ್. ಎಲ್ಲ ಕಡೆಯೂ ಕಾಯಿಪಲ್ಯ ಕೊಳ್ಳುವಷ್ಟು ಭಾಷೆ ಕಲಿತೆ, ಬಿಟ್ಟೆ. ಚೆನ್ನೈಯಲ್ಲಿ ಕೆಲಸ ಸರಿಯಾಗದಿದ್ದರೆ ಭಾಷೆಯ ತಪ್ಪು, ನಾಗಪುರದಲ್ಲಿ ಬಿಸಿಲಿನ ತಪ್ಪು. ಮೂರು ವರ್ಷಕ್ಕೊಮ್ಮೆ ಬ್ರಾಂಚು ಬದಲಾಗುವವನಿಗೆ ತನ್ನ ತಪ್ಪು ಯಾವುದು, ಬ್ರಾಂಚಿನ ತಪ್ಪು ಯಾವುದು ಅಂತ ಎಂದೂ ತಿಳಿಯುವುದಿಲ್ಲ.

ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದಿದ್ದಾಗ ನಾವು ಏನು ಮಾಡುತ್ತಿದ್ದೆವು? ಒಂದು ಕಡೆಯ ಅಂಕಿಗಳನ್ನು ಮುಟ್ಟದೆ ಹಾಗೇ ಇಟ್ಟುಕೊಂಡು ಇನ್ನೊಂದು ಕಡೆ ಒಂದೊಂದೇ ಟಿಕ್ ಹಾಕುತ್ತ ಹೋಗುವುದು. ಎರಡೂ ಕಡೆ ಒಮ್ಮೆಗೇ ತಿದ್ದಲು ಹೋದರೆ ವ್ಯತ್ಯಾಸ ಸಿಗುವುದಿಲ್ಲ, ಬೆಳಗಾಗುತ್ತದೆ ಅಷ್ಟೇ. ಈ ಮಾತು ಹುಡುಗನಿಗೆ ಹೇಳಿದೆ. ಟ್ರಯಲ್ ಬ್ಯಾಲೆನ್ಸ್ ಅವನಿಗೆ ತಿಳಿಯಲಿಲ್ಲ. ಆದರೆ “ಹೋರಾಟಗಾರನ್ನ ಬದಲಿ ಮಾಡಬ್ಯಾಡ, ಆವಾಗ ಉಳಿದದ್ದು ನಿಂದೇ ತಪ್ಪು” ಅಂದಾಗ ತಿಳಿಯಿತು. ಸೇರಲಿಲ್ಲ, ತಿಳಿಯಿತು.

“ಹಂಗಾದ್ರ ಯಾರನ್ನ ತಗೊಳ್ಳಿ?”

ಬಗೆಗಳನ್ನು ಅವನೇ ನನಗೆ ಕಲಿಸಿದ್ದ. ರ್ಯೂ ಎಲ್ಲದರಲ್ಲೂ ಸಮ. ಅವನನ್ನು ಕಲಿತರೆ ಆಟದ ವ್ಯಾಕರಣ ಬರುತ್ತದೆ. ಸೈನಿಕ ಗೈಲ್ ಹಿಂದಕ್ಕೆ ಗುಂಡಿ ಹಿಡಿದು ಕಾಯ್ದು ಆಮೇಲೆ ಮುಂದೊತ್ತಿ ಬೀಸಬೇಕು, ಕಾಯುವವರ ಹೋರಾಟಗಾರ. ಧಾಲ್ಸಿಮ್ ದೂರದವನು. ರಷ್ಯಾದ ಜಾಂಗೀಫ್ ಕುಸ್ತಿಯವನು, ಹತ್ತಿರ ಹೋಗಿ ಹಿಡಿದೆತ್ತಿ ಬಡಿದರೆ ಮಾತ್ರ ಅವನ ಆಟ. ಹತ್ತಿರ ಹೋಗುವತನಕ ಏಟು ತಿನ್ನುವುದೇ. ಇವರಲ್ಲಿ ಯಾರು ಬಲಿಷ್ಠರು ಅಂತ ನಾನು ಕೇಳಲಿಲ್ಲ. “ಯಾರ ಕೂಡ ಸೋತರ ನಿನಗ ಸಿಟ್ಟು ಬರೂದಿಲ್ಲ?” ಅಂತ ಕೇಳಿದೆ.

ಬಹಳ ಹೊತ್ತು ಯೋಚಿಸಿದ. “ಜಾಂಗೀಫ್” ಅಂದ, ನಾಚಿಕೊಂಡು. “ಅವ ಕರಡಿ ಕೂಡ ಕುಸ್ತಿ ಆಡ್ತಾನ ಅಜ್ಜಾ. ಸೋತರೂ ನಗು ಬರ್ತದ.”

ಹಾಗೆ ತೀರ್ಮಾನವಾಯಿತು. ಮೂರು ತಿಂಗಳು ಬದಲಿಸುವ ಹಾಗಿಲ್ಲ; ಅವನು ಜಾಂಗೀಫ್, ನಾನು ಧಾಲ್ಸಿಮ್. ನಾನು ಒಂದು ಉದ್ದನೆಯ ನೋಟ್‌ಬುಕ್ ತಂದು ಗೆರೆ ಹೊಡೆದೆ. ತಾರೀಖು, ಎದುರಾಳಿ, ಸೋತದ್ದು ಹೇಗೆ. ಆಟ ಮುಗಿದ ಮೇಲೆ ಪಂದ್ಯವನ್ನು ಮತ್ತೆ ನೋಡುವ ಸೌಲಭ್ಯವಿದೆ, ನಿಧಾನಕ್ಕೆ ಓಡಿಸಿ ನೋಡಬಹುದು. ಈ ಆಟ ಸೆಕೆಂಡಿಗೆ 60 ಚಿತ್ರಗಳ ಲೆಕ್ಕದಲ್ಲಿ ನಡೆಯುತ್ತದೆ. ಹಲವರ ಅತಿ ಚುರುಕಿನ ಗುದ್ದು ನಾಲ್ಕನೇ ಚಿತ್ರಕ್ಕೆ ತಗಲುತ್ತದೆ, ಅಂದರೆ ಸೆಕೆಂಡಿನ ಹದಿನೈದನೇ ಒಂದು ಭಾಗ. ನೋಡಿ ತಡೆಯುತ್ತೇನೆ ಅಂದರೆ ಮನುಷ್ಯನ ಕಣ್ಣಿಗೂ ಕೈಗೂ ಆಗದು. ಎದುರಿನವನು ಏನು ಮಾಡಿಯಾನು ಅಂತ ಮೊದಲೇ ಅಂದಾಜು ಬೇಕು. ಆ ಅಂದಾಜು ಒಬ್ಬನನ್ನೇ ನೂರಾರು ಸಲ ಆಡಿದವನಿಗೆ ಮಾತ್ರ ಬರುತ್ತದೆ. ತನ್ನ ಕೈ ಎಲ್ಲಿಯತನಕ ಮುಟ್ಟುತ್ತದೆ ಅಂತ ಯೋಚಿಸದೆ ಗೊತ್ತಿರಬೇಕಲ್ಲ.

ಐವತ್ತು ಸೋಲುಗಳಾದ ಮೇಲೆ ಟೋಟಲ್ ಹಾಕಿದೆ. ಐವತ್ತರಲ್ಲಿ ಇಪ್ಪತ್ತೊಂಬತ್ತು ಸೋಲಿಗೆ ಒಂದೇ ಕಾರಣ: ಹಾರಿದ್ದು. ಎದುರಿನವ ದೂರದಿಂದ ಏನಾದರೂ ಎಸೆಯುತ್ತಾನೆ, ಇವನಿಗೆ ತಾಳ್ಮೆ ತಪ್ಪುತ್ತದೆ, ಒಂದೇ ನೆಗೆತಕ್ಕೆ ಹತ್ತಿರ ಹೋಗಿಬಿಡೋಣ ಅಂತ ಜಾಂಗೀಫನನ್ನು ಹಾರಿಸುತ್ತಾನೆ. ನೆಲ ಬಿಟ್ಟ ಮೇಲೆ ಆ ಪೈಲ್ವಾನ ದಿಕ್ಕು ಬದಲಿಸಲಾರ, ಏಟು ತಡೆಯಲೂ ಆರ. ಕೆಳಗಿದ್ದವನು ಕಾದಿದ್ದು ಹೊಡೆಯುತ್ತಾನೆ. ಹುಡುಗ ಪಟ್ಟಿ ನೋಡಿ ಸುಮ್ಮನಾದ. ಜಾಂಗೀಫ್ ವೀಕ್ ಅಂತ ಅನ್ನಲಿಲ್ಲ. ಅವತ್ತಿನಿಂದ ಅವನು ಆಡುವಾಗ ನನ್ನ ಕೆಲಸ ಒಂದೇ, ಪಕ್ಕದಲ್ಲಿ ಕೂತು “ಹಾರಬ್ಯಾಡ, ನಡಕೋತ ಹೋಗು” ಅನ್ನುವುದು. ಒಂದು ಹೆಜ್ಜೆ ಮುಂದೆ, ಏಟು ತಡೆ, ಮತ್ತೊಂದು ಹೆಜ್ಜೆ. ಹುಡುಗನ ಕನ್ನಡಕ್ಕೆ ಹಿಡಿ, ತಡಿ, ಕಾಯಿ, ಸರಿ ಅನ್ನುವ ಹೊಸ ಮಾತುಗಳು ಸೇರಿದವು. ಜಾಂಗೀಫ್ ಗೋಲ್ಡಿಗೆ ಬಂದ. ಧಾಲ್ಸಿಮ್‌ನೂ ಐರನ್ ಕಂಡ.

ಈ ನಡುವೆ ಶಾಲೆಯ ಪರೀಕ್ಷೆಯಲ್ಲಿ ಗಣಿತದ ಅಂಕ ಇಳಿಯಿತು. ಒಂದು ರಾತ್ರಿ ಮಗ ಆಫೀಸಿನಿಂದ ಬಂದವನು ಟಿವಿ ಮುಂದೆ ನಮ್ಮಿಬ್ಬರನ್ನು ನೋಡಿ, “ನಾಳೆ ಇದನ್ನ ಪ್ಯಾಕ್ ಮಾಡಿ ಮ್ಯಾಲೆ ಇಡ್ತೀನಿ” ಅಂದ. ಹುಡುಗ ನೆಲ ನೋಡಿದ. ನಾನು ನೋಟ್‌ಬುಕ್ ತೋರಿಸಲು ಹೋದೆ. “ಅಪ್ಪಾ, ನೀವು? ನೀವು ಇದಕ್ಕ ಸಪೋರ್ಟ್ ಮಾಡ್ತೀರೇನು?” ಅಂದ.

ಆ ‘ನೀವು?’ ಎಲ್ಲಿಂದ ಬಂತು ಅಂತ ನನಗೆ ಗೊತ್ತಿತ್ತು. 1995. ಗಣೇಶನ ಹಬ್ಬಕ್ಕೆ ಹೈದರಾಬಾದಿನಿಂದ ಡೊಂಬಿವಲಿಗೆ ಬಂದಿದ್ದೆ. ಮಧ್ಯಾಹ್ನ ಮೂರು ಗಂಟೆಯಾದರೂ ಮಗ ಮನೆಯಲ್ಲಿಲ್ಲ. ಹೆಂಡತಿಯ ಪರ್ಸಿನಲ್ಲಿ ಇಪ್ಪತ್ತು ರೂಪಾಯಿ ಕಡಿಮೆ. ಸ್ಟೇಶನ್ ಹತ್ತಿರದ ವಿಡಿಯೊ ಗೇಮ್ ಪಾರ್ಲರಿನಲ್ಲಿ ಸಿಕ್ಕ. ಹನ್ನೊಂದು ವರ್ಷದವನು, ಎತ್ತರ ಸಾಲದೆ ಒಂದು ಮಣೆಯ ಮೇಲೆ ನಿಂತು ಆಡುತ್ತಿದ್ದ. ಸುತ್ತ ಹುಡುಗರ ಗುಂಪು. ಕಿವಿ ಹಿಡಿದು ಇಳಿಸಿದೆ. “ಕಳವು ಮಾಡ್ಲಿಕ್ಕೆ ಕಲತೀ ಏನು?” ಅಂದೆ, ಎಲ್ಲರ ಎದುರಿಗೆ, ಕನ್ನಡದಲ್ಲಿ. ಆ ಹುಡುಗರಿಗೆ ಭಾಷೆ ತಿಳಿಯದಿದ್ದರೂ ಅರ್ಥ ತಿಳಿದಿರಬೇಕು. ಎರಡು ದಿನ ಬಿಟ್ಟು ನಾನು ಹೈದರಾಬಾದಿಗೆ ಹೋದೆ. ಆ ವಿಷಯ ಆಮೇಲೆ ನಮ್ಮ ಮನೆಯಲ್ಲಿ ಎದ್ದಿರಲಿಲ್ಲ.

ಈಗ ಮೊಮ್ಮಗ ಮೆಲ್ಲಗೆ ಕೇಳಿದ, “ಪಪ್ಪಾ, ನಿನಗ ಬರ್ತದೇನು ಇದು?” ಮಗ ಉತ್ತರ ಕೊಡಲಿಲ್ಲ. ನನ್ನ ಕೈಯಲ್ಲಿದ್ದ ಕಂಟ್ರೋಲರ್ ತೆಗೆದುಕೊಂಡ. ಹೋರಾಟಗಾರರ ಪರದೆ ಬಂತು. ಒಂದು ಕ್ಷಣವೂ ಹುಡುಕದೆ ಆ ಪೊರಕೆ ಕೂದಲಿನ ಗೈಲ್‌ನ ಮೇಲೆ ಹೋಗಿ ನಿಂತ. ಹಿಂದಕ್ಕೆ ಹಿಡಿದ, ಕಾಯ್ದ, ಮುಂದೊತ್ತಿ ಗುದ್ದಿದ. ಸೋನಿಕ್ ಬೂಮ್ ಹೊರಟಿತು. ಆ ಪಟ್ಟಿನ ಬಗೆ 1991ರಿಂದ ಬದಲಾಗಿಲ್ಲ. ಅವನ ಬೆರಳೂ ಮರೆತಿರಲಿಲ್ಲ. ಹುಡುಗ ಗಾಬರಿಯಾಗಿ ಹಾರಿದ. ಗೈಲ್ ಕಾಲಿನಿಂದ ಕತ್ತರಿಸಿ ಕೆಳಗೆ ಕೆಡವಿದ. ಮತ್ತೆ ಹಾರಿದ, ಮತ್ತೆ ಕೆಡವಿದ. ಮೊದಲ ಪಂದ್ಯ ಎರಡು ನಿಮಿಷದೊಳಗೆ ಮುಗಿಯಿತು.

“ಪಪ್ಪಾ! ಗೈಲ್ ನಿನ್ನ ಮೇನ್ ಏನು?”

“ಅವಾಗ ಹಂಗ ಅಂತಿರಲಿಲ್ಲ” ಅಂದ ಮಗ, ಪರದೆ ನೋಡುತ್ತಲೇ. ಆಮೇಲೆ ಹುಡುಗನಿಗೆ ಹೇಳುವ ಹಾಗೆ ಹೇಳಿದ: “ಪಾರ್ಲರಿನಾಗ ಗೆದ್ದವ ಅಲ್ಲೇ ನಿಂತು ಆಡಬಹುದಿತ್ತು, ಸೋತವಗ ಹೊಸ ನಾಣ್ಯ. ಅವತ್ತು ಹನ್ನೊಂದು ಜನರನ್ನ ಸೋಲಿಸಿದ್ದೆ. ಮುಂಜಾನೆ ಅವ್ವ ಕೊಟ್ಟ ಒಂದೇ ರೂಪಾಯಿದಾಗ.”

ಒಂದೇ ರೂಪಾಯಿ.

ಕ್ಯಾಶಿನಲ್ಲಿ ಇಪ್ಪತ್ತು ರೂಪಾಯಿ ಕಡಿಮೆ ಬಿದ್ದರೆ ವೋಚರು ನೋಡದೆ, ಕ್ಯಾಶಿಯರನ್ನು ಕೇಳದೆ ಅವನ ಹೆಸರಿಗೆ ಹಚ್ಚುವ ಅಧಿಕಾರಿ ನಾನಾಗಿರಲಿಲ್ಲ. ನನ್ನ ಸರ್ವಿಸಿನಲ್ಲಿ ಒಬ್ಬ ಕ್ಲರ್ಕಿಗೂ ಹಾಗೆ ಮಾಡಿದ್ದಿಲ್ಲ. ಮಗನಿಗೆ ಮಾಡಿದ್ದೆ. ಆ ಇಪ್ಪತ್ತು ರೂಪಾಯಿ ಎಲ್ಲಿ ಹೋಯಿತು ಅಂತ ಹೇಳಬಹುದಾಗಿದ್ದವಳು ಈಗಿಲ್ಲ. ನಾನು ಮೂರು ವರ್ಷಕ್ಕೊಂದು ಊರು ಬದಲಿಸುತ್ತಿದ್ದಾಗ ಆ ಹುಡುಗ ಒಂದೇ ಊರಲ್ಲಿ, ಒಂದೇ ಮಣೆಯ ಮೇಲೆ ನಿಂತು, ಒಬ್ಬನನ್ನೇ ಆಡಿ ಚೆನ್ನಾಗಿ ಕಲಿತಿದ್ದ. ಅಲ್ಲಿಯ ಮಕ್ಕಳು ಅವನನ್ನು ನೋಡಲು ಕೂಡುತ್ತಿದ್ದರು. ಹಬ್ಬಕ್ಕೆ ಬಂದುಹೋಗುವ ಅಪ್ಪನಿಗೆ ಅದು ಕಂಡಿರಲಿಲ್ಲ.

“ನಂದ ತಪ್ಪಾತು, ಅವತ್ತು” ಅಂದೆ.

ಮಗ ಏನೂ ಅನ್ನಲಿಲ್ಲ. ಬಹಳ ಹೊತ್ತಾದ ಮೇಲೆ “ಹಳೇ ಮಾತು ಬಿಡ್ರಿ ಅಪ್ಪಾ” ಅಂದ. ಬಿಟ್ಟನೋ ಇಲ್ಲವೋ ನನಗೆ ತಿಳಿಯದು. ಮರುದಿನ ಮೇಲೆ ಇಡಬೇಕಾದ ಪೆಟ್ಟಿಗೆ ಮಾತ್ರ ಇಳಿಯಲಿಲ್ಲ. ಶನಿವಾರ, ರವಿವಾರ ಒಂದೊಂದು ತಾಸು, ಮೊದಲು ಗಣಿತ ಅಂತ ಒಪ್ಪಂದವಾಯಿತು. ಗಣಿತಕ್ಕೂ ಹಾಗೇ ಒಂದು ನೋಟ್‌ಬುಕ್ ಮಾಡಿದ್ದೇವೆ. ಅಲ್ಲಿ ಹುಡುಗ ಮಾಡುವ ತಪ್ಪೂ ಹೆಚ್ಚುಕಡಿಮೆ ಇದೇ: ನಡುವಿನ ಮೆಟ್ಟಿಲು ಬಿಟ್ಟು ಹಾರುವುದು.

ಮೇನ್ ಆರಿಸಿದವನು ಸಾಯುವತನಕ ಅದನ್ನೇ ಆಡಬೇಕು ಅಂತ ನಾನು ಹೇಳುತ್ತಿಲ್ಲ. ಜಪಾನಿನ ಡೈಗೊ ಉಮೆಹಾರಾ ಈ ಆಟದ ದೊಡ್ಡ ಹೆಸರು. ವರ್ಷಗಟ್ಟಲೆ ರ್ಯೂನನ್ನು ಆಡಿದವನು ಐದನೇ ಆಟದ ಕಾಲದಲ್ಲಿ ಗೈಲ್‌ನ ಕಡೆ ಹೋದ. ಅವನು ಹೋದದ್ದು ರ್ಯೂನನ್ನು ತಳಮಟ್ಟ ತಿಳಿದ ಮೇಲೆ. 2023ರಲ್ಲಿ ಹಾಂಗ್‌ಝೌದಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ಸ್ಟ್ರೀಟ್ ಫೈಟರ್ 5ರ ಚಿನ್ನ ಗೆದ್ದ ದಕ್ಷಿಣ ಕೊರಿಯಾದ ಕಿಮ್ ಗ್ವಾನ್‌-ವೂಗೆ ಆಗ 44 ವರ್ಷ. ಮೊಮ್ಮಗ ಇದನ್ನು ತೋರಿಸಿದ್ದು ನನಗೆ ಧೈರ್ಯ ಹೇಳಲು. 44 ಎಲ್ಲಿ, 68 ಎಲ್ಲಿ! ಮಗನಿಗಾದರೆ ಇನ್ನೂ ಮೂರು ವರ್ಷ ಇವೆ ಅಂದೆ. ಮಗ ನಕ್ಕ.

ಕಳೆದ ಶನಿವಾರ ಅವರಿಬ್ಬರೂ ಆಡುತ್ತಿದ್ದರು. ಮಗ ದೂರ ನಿಂತು ಸೋನಿಕ್ ಬೂಮ್ ಬೀಸುತ್ತಿದ್ದ. ಹುಡುಗ ಹಾರದೆ ನಡೆಯುತ್ತಿದ್ದ. ತಡೆ, ಹೆಜ್ಜೆ, ತಡೆ, ಹೆಜ್ಜೆ. ಅಷ್ಟರಲ್ಲಿ ಧಾರವಾಡದಿಂದ ಗೆಳೆಯನ ಫೋನು. ಮನೆ ಎಷ್ಟು ದಿನ ಮುಚ್ಚಿಡ್ತೀ, ಅಲ್ಲೇನು ಮಾಡ್ತೀ, ಬಂದುಬಿಡು ಅಂತ ಅವನ ವರಾತ. ಹಿಂದೆ ಆಗಿದ್ದರೆ ಅವತ್ತೇ ಬಸ್ಸಿನ ಟಿಕೆಟ್ ನೋಡುತ್ತಿದ್ದೆ, ತಿಂಗಳು ಕಳೆದರೆ ಅಲ್ಲೂ ಬೇಸರ ಬಂದು ವಾಪಸ್ಸು. “ಬರ್ತೀನೋ, ದೀಪಾವಳಿಗೆ ಎಲ್ಲಾರೂ ಕೂಡಿ ಬರ್ತೀವಿ” ಅನ್ನುತ್ತ ಏಳಲು ಹೋದೆ.

“ಅಜ್ಜಾ, ಏಳಬ್ಯಾಡ! ನೋಡು, ನೋಡು!”

ಜಾಂಗೀಫ್ ಗೈಲ್‌ನ ಹತ್ತಿರ ಬಂದು ನಿಂತಿದ್ದ. ಹಿಡಿದ, ಎತ್ತಿದ, ತಿರುಗಿಸಿ ಬಡಿದ. ಮಗ ತನ್ನ ಮಗನಿಂದ ಮೊದಲ ಪಂದ್ಯ ಸೋತ. ನಾನು ಫೋನು ಕೆಳಗಿಟ್ಟು ಕನ್ನಡಕ ಹಾಕಿಕೊಂಡು ನೋಟ್‌ಬುಕ್‌ನಲ್ಲಿ ತಾರೀಖು ಬರೆದೆ. ಸೋತದ್ದು ಹೇಗೆ ಅನ್ನುವ ಕಾಲಮ್ಮಿನಲ್ಲಿ ಏನು ಬರೆಯಲಿ ಅಂತ ಮಗನನ್ನೇ ಕೇಳಿದೆ.

“ಹುಡುಗ ಹಾರಲಿಲ್ಲ ಅಂತ ಬರೀರಿ” ಅಂದ.